ಬಾಕಿಯಿಲ್ಲದ ಸಂಗಮೇಶ

ಸಂಗಮೇಶನಿಗೆ ಮೂರನೆಯ ಸಲವೂ ಕೆಲಸ ತಪ್ಪಿದ್ದು ಒಂದು ಜೆರಾಕ್ಸ್ ಯಂತ್ರದಿಂದ. ನಾರಾಯಣಖೇಡದ ತಹಸೀಲ್ ಕಚೇರಿಯ ಎದುರು ಅಂಗಡಿ ಇಡಲು ಜಹೀರಾಬಾದಿನ ಒಂದು ಪತ್ತಿನ ಸಂಘದಲ್ಲಿ ಸಾಲ ಮಾಡಿ ಅದನ್ನು ಕೊಂಡಿದ್ದ. ತೆಲಂಗಾಣ ಚಳವಳಿ ಜೋರಾಯಿತು, ಕಚೇರಿಗೆ ಮೇಲಿಂದ ಮೇಲೆ ಬೀಗ ಬಿತ್ತು, ಒಂಬತ್ತು ಕಂತು ನಿಂತವು. ಈಗಿನ ಮಾಲೀಕರೋ ಕೆಲಸ ಕೊಡುವ ಮೊದಲು ಸಾಲದ ಜಾತಕ ಕೇಳುತ್ತಾರೆ. ಸಾಲ ತೀರಿಸಲು ಕೆಲಸ ಬೇಕು, ಕೆಲಸ ಸಿಗಲು ಸಾಲ ತೀರಿರಬೇಕು. ಇದರಲ್ಲಿ ತನ್ನ ತಪ್ಪು ಎಲ್ಲಿದೆ ಎಂದು ಅವನು ಪ್ರಾಮಾಣಿಕವಾಗಿ ಹುಡುಕಿದ್ದ. ಸಿಕ್ಕಿರಲಿಲ್ಲ.

ನಾಲ್ಕನೆಯದು ತಾಂಡೂರಿನ ತೊಗರಿಬೇಳೆ ಗಿರಣಿಯ ಗುಮಾಸ್ತನ ಕೆಲಸ. ಮಾಲಕಿ ಮಾಲತೀಬಾಯಿ ಫೋನಿನಲ್ಲೇ ಹೇಳಿದ್ದರು: “ಸಾಲ ಎಷ್ಟು ಬಾಕಿ ಅದ ಅಂತ ಸಂಘದ ಚೀಟಿ ತರ್ರಿ. ಅವರಿಗಿ ನಾನೇ ಫೋನ್ ಮಾಡಿ ಕೇಳ್ತೀನಿ. ಕೇಳಾಕ ನಿಮ್ಮ ಒಪ್ಪಿಗಿ ಬೇಕು, ಅದಕ್ಕೊಂದು ಸಹಿ ಹಾಕ್ರಿ.” ಈ ಸಲವೂ ತಪ್ಪಿದರೆ ಸಂಘದವರು ಯಂತ್ರ ಹೊತ್ತೊಯ್ಯುವುದು, ಹೆಂಡತಿ ಸ್ವರೂಪಾ ತವರಿಗೆ ಹೊರಡುವುದು, ಎರಡೂ ಒಂದೇ ವಾರದಲ್ಲಿ ನಡೆಯುವಂತಿತ್ತು.

ಆಗ ಸಕಲ ಜನುಲ ಸಮ್ಮೆ, ಅಂದರೆ ತೆಲಂಗಾಣದ ಸರ್ವಜನರ ಮುಷ್ಕರ, ಅವನ ಕೈಹಿಡಿಯಿತು. ಬಸ್ಸುಗಳು ನಿಂತವು, ಜಹೀರಾಬಾದಿಗೆ ಹೋಗಿ ವಿಚಾರಿಸುವ ಉಸಾಬರಿ ಯಾರಿಗೂ ಬೇಡವಾಗಿತ್ತು. ಸಂಘದ ಬಾಗಿಲೂ ಮುಚ್ಚಿ, ಒಳಗಿನ ಫೋನು ಖಾಲಿ ಕುರ್ಚಿಗಳಿಗೆ ಬಡಕೊಳ್ಳುತ್ತಿತ್ತು. ಸಂಗಮೇಶ ತನಗೆ ಬಂದಿದ್ದ ನೋಟಿಸಿನ ಮೇಲೆ ಬಿಳಿ ಹಾಳೆ ಮುಚ್ಚಿ, ಕರೆಂಟು ಬಂದ ಒಂದು ತಾಸಿನಲ್ಲಿ ತಲೆಬರಹವನ್ನಷ್ಟೇ ಜೆರಾಕ್ಸ್ ಮಾಡಿದ. ಅದರ ಕೆಳಗೆ ‘ಬಾಕಿ ಇಲ್ಲ’ ಎಂದು ಟೈಪು ಮಾಡಿದ. ಸಾಲದ ಯಂತ್ರವೇ ಸಾಲ ತೀರಿತೆಂದು ಸಾಕ್ಷಿ ಹೇಳಿತು. ಹಾಕಿದ ತಾರೀಕು ಭಾನುವಾರವಲ್ಲ, ಎರಡನೆಯ ಶನಿವಾರವಲ್ಲ, ಸಮ್ಮೆಯ ದಿನವೂ ಅಲ್ಲ. ಮೂರು ಸಲ ಕ್ಯಾಲೆಂಡರ್ ನೋಡಿದ, ನಾಲ್ಕನೆಯ ಸಲ ಪಕ್ಕದ ಮನೆಯ ಕ್ಯಾಲೆಂಡರ್ ನೋಡಿದ.

ಕೊನೆಯ ಸಾಲು ಅವನ ಹೆಮ್ಮೆ: ‘ಸಮ್ಮೆಯಿಂದ ಕಚೇರಿ ಮುಚ್ಚಿದ್ದರೆ ಮ್ಯಾನೇಜರರನ್ನು ಈ ಮೊಬೈಲಿನಲ್ಲಿ ಸಂಪರ್ಕಿಸಿ.’ ಅದು ಅವನದೇ ಎರಡನೆಯ ಸಿಮ್ಮು. ಅಂಗಡಿಗೆಂದು ತಂದದ್ದು, ಯಾರಿಗೂ ಕೊಟ್ಟಿರದ ನಂಬರು. ತಂದ ವಾರ ಒಂದು ಫೋನು ಬಂದಿತ್ತಷ್ಟೇ. ಯಂತ್ರದ ಹೆಣ್ಣುದನಿಯೊಂದು ತೆಲುಗಿನಲ್ಲಿ, ಬೀಪ್ ಆದಮೇಲೆ ನಿಮ್ಮ ಹೆಸರು ಹೇಳಿ ಎಂದಿತ್ತು. ಯಾರು ಕೇಳಿದರೂ ಉತ್ತರ ಕೊಡುವುದು ಸಭ್ಯತೆ. ಎದ್ದು ನಿಂತು ಹೆಸರು, ಊರು ಎರಡನ್ನೂ ಹೇಳಿದ್ದ. ಅಂದಿನಿಂದ ತಿಂಗಳಿಗೆ ಮೂವತ್ತು ರೂಪಾಯಿ ಸುಮ್ಮಸುಮ್ಮನೆ ಕಡಿತವಾಗುತ್ತಿತ್ತು. ಕಂಪನಿಗೆ ಎರಡು ದೂರು ಬರೆದಿದ್ದ, ಮುದ್ದಾದ ಅಕ್ಷರದಲ್ಲಿ.

ಮ್ಯಾನೇಜರರ ಪಾತ್ರ ಸ್ವರೂಪಾಳದು.

“‘ನಮಸ್ಕಾರ, ಪತ್ತಿನ ಸಂಘದಿಂದ ಮ್ಯಾನೇಜರ್ ಮಾತಾಡೋದು’ ಅನಬೇಕು. ಎಲ್ಲಿ, ಅನ್ನು.”

“ನಾ ಖರೇನೇ ಮ್ಯಾನೇಜರ್ ಆಗಿದ್ರ ಮೊದಲ ನಿಮ್ಮ ಮಿಷಿನ್ ಎತ್ಕೊಂಡು ಹೋಗ್ತಿದ್ದೆ.”

“ನಗಬ್ಯಾಡ. ಮ್ಯಾನೇಜರ್ ನಗಂಗಿಲ್ಲ.”

ಅವಳು ಅಡುಗೆಮನೆಯಲ್ಲಿ, ಅವನು ಪಡಸಾಲೆಯಲ್ಲಿ, ಇಬ್ಬರೂ ಅಂಗೈಯನ್ನು ಕಿವಿಗೆ ಹಚ್ಚಿಕೊಂಡು ಹನ್ನೊಂದು ಸಲ ಹೇಳಿದರು. ನಿಜವಾದ ಫೋನು ಹಚ್ಚಿದ್ದರೆ ದುಡ್ಡು ದಂಡ. ಅವನು ತಾಂಡೂರಿಗೆ ಹೋಗುವ ದಿನ ಹತ್ತರಿಂದ ಒಂದರವರೆಗೆ ಕುಕ್ಕರ್ ಇಡಕೂಡದೆಂದು ತೀರ್ಮಾನವಾಯಿತು. ನೆರೆಮನೆ ಈಶಮ್ಮನ ಆಡನ್ನು ಮುಂಜಾನೆಯೇ ಆಚೆ ಓಣಿಯಲ್ಲಿ ಕಟ್ಟಿಸಿದ. ಪತ್ತಿನ ಸಂಘದಲ್ಲಿ ಆಡು ಅರಚಬಾರದು.

ಜಹೀರಾಬಾದಿನ ತನಕ ಜೀಪು, ಅಲ್ಲಿಂದ ತೊಗರಿ ಲಾರಿ. ತಾಂಡೂರಿನಲ್ಲಿ ಇಳಿದಾಗ ಹುಬ್ಬಿನ ತನಕ ಧೂಳಾಗಿದ್ದ. ಒಪ್ಪಿಗೆಗೆ ಸಹಿ ಹಾಕಿ ಚೀಟಿಯನ್ನು ಮೇಜಿನ ಮೇಲಿಟ್ಟ. ಮಾಲತೀಬಾಯಿ ಚಾಳೀಸು ಹುಡುಕಲು ಒಳಗೆ ಹೋದರು. ತಕ್ಕಡಿಯ ಹತ್ತಿರ ಚೀಲ ಹೊಲಿಯುತ್ತಿದ್ದ ಮೊಗಲಪ್ಪ ದಬ್ಬಣ ನಿಲ್ಲಿಸಿದ.

“ಹಿಂಗ್ಯಾಕ ಬೆವತೀರಿ? ಸಾಲ ಇದ್ರ ನಮ್ಮ ಮಾಲತೀಬಾಯಿ ಏನೂ ಅನ್ನಂಗಿಲ್ರಿ. ನಂದೇ ಹದಿನಾಲ್ಕು ಕಂತ ಬಾಕಿ ಇದ್ವು. ಪಗಾರದಾಗ ಹಿಡಕೊಂಡು ಅವರೇ ತುಂಬಿದ್ರು. ಸುಳ್ಳೊಂದು ನಡ್ಯಂಗಿಲ್ಲ ನೋಡ್ರಿ, ಕೆಟ್ಟ ಸಿಟ್ಟು.”

ಸಂಗಮೇಶನ ಕೈ ತಾನಾಗಿ ಚೀಟಿಯ ಕಡೆ ಸರಿಯಿತು. ಮಡಚಿ ಕಿಸೆಗೆ ಹಾಕಿಕೊಂಡು ನಿಜ ಹೇಳಿಬಿಟ್ಟರೆ? ಆದರೆ ಇದೊಂದು ಪರೀಕ್ಷೆಯಾಗಿದ್ದರೆ? ಅದಕ್ಕಿಂತ ಹೆಚ್ಚಾಗಿ, ಎರಡು ಕ್ಯಾಲೆಂಡರು, ಹನ್ನೊಂದು ತಾಲೀಮು, ಆಚೆ ಓಣಿಯಲ್ಲಿ ಹಸಿದು ನಿಂತ ಆಡು. ಜನ್ಮದಲ್ಲಿ ಮೊದಲ ಬಾರಿಗೆ ಒಂದು ಕೆಲಸವನ್ನು ಲೋಪವಿಲ್ಲದೆ ಮಾಡಿದ್ದ. ಅದನ್ನು ಹಾಳುಮಾಡಲು ಮನಸ್ಸು ಬರಲಿಲ್ಲ. ಕೈ ಹಿಂದೆ ಬಂತು.

ಮಾಲತೀಬಾಯಿ ಚಾಳೀಸು ಏರಿಸಿ ಚೀಟಿ ಓದಿದರು. “ಚಂದ ಬರದಾರ,” ಎಂದರು. ಅವನಿಗೆ ನಾಚಿಕೆಯಾಯಿತು, ಖುಷಿಯೂ ಆಯಿತು. “ನನಗ ಕಿವಿ ಮಂದ. ಸ್ಪೀಕರ್ ಹಾಕ್ತೀನಿ, ನೀವೂ ಕೇಳ್ರಿ,” ಎಂದು ನಂಬರು ಒತ್ತಿದರು. ಸ್ಪೀಕರ್! ಇದೂ ಒಳ್ಳೆಯದೇ, ಸ್ವರೂಪಾಳ ದನಿ ದೊಡ್ಡದಾಗಿ ಕೇಳಿಸುತ್ತದೆ.

ಟ್ರಿಣ್ ಟ್ರಿಣ್ ಎನ್ನಬೇಕಿದ್ದ ಫೋನು ಕೊಳಲೂದಿತು, ತಬಲ ಬಾರಿಸಿತು. ಆ ಹಳೆಯ ಹೆಣ್ಣುದನಿ ತೆಲುಗಿನಲ್ಲಿ, “ನೀವು ಕರೆ ಮಾಡಿರುವುದು…” ಎಂದು ನಿಂತಿತು. ಆಮೇಲೆ ಇಡೀ ಗಿರಣಿಗೆ ಕೇಳುವಂತೆ ಅವನದೇ ಗಂಟಲು, ಎದ್ದು ನಿಂತ ಸಭ್ಯತೆಯೊಂದಿಗೆ: “ಸಂಗಮೇಶ ರೀ. ನಾರಾಯಣಖೇಡ.” ತಿಂಗಳಿಗೆ ಮೂವತ್ತು ರೂಪಾಯಿ ಈ ಕಾಲರ್ ಟ್ಯೂನಿಗೇ ಹೋಗುತ್ತಿತ್ತು. ತನ್ನ ನಂಬರಿಗೆ ತಾನೇ ಫೋನು ಹಚ್ಚಿ ನೋಡದವನಿಗೆ ತಿಳಿಯುವುದಾದರೂ ಹೇಗೆ? ಮೊಗಲಪ್ಪನ ದಬ್ಬಣ ಮತ್ತೆ ನಿಂತಿತು. ಮಾಲತೀಬಾಯಿ ಚಾಳೀಸಿನ ಮೇಲಿನಿಂದ ಅವನನ್ನು ನೋಡಿದರು. ಅಷ್ಟರಲ್ಲಿ ಅತ್ತ ಫೋನು ಎತ್ತಿದ ಸದ್ದಾಯಿತು. ಕುಕ್ಕರಿಲ್ಲ, ಆಡಿಲ್ಲ, ನಗುವಿಲ್ಲ. “ನಮಸ್ಕಾರ, ಪತ್ತಿನ ಸಂಘದಿಂದ ಮ್ಯಾನೇಜರ್ ಮಾತಾಡೋದು,” ಎಂದಳು ಸ್ವರೂಪಾ, ಹನ್ನೆರಡನೆಯ ಸಲ, ಒಂದು ತಪ್ಪೂ ಇಲ್ಲದೆ.