ಬೇಲಿಯಾಚೆಯ ನೀರು

ಒಂದು ಚೊಂಬು ನೀರು ಕೇಳಿದ್ದಕ್ಕೆ ಇಲ್ಲ ಅಂದವರನ್ನು ಆವಲಪ್ಪ ಮರೆಯುವ ಪೈಕಿ ಅಲ್ಲ. ತನಗಾಗಿ ಕೇಳಿದ್ದರೆ ಮರೆಯುತ್ತಿದ್ದನೋ ಏನೋ. ಕೇಳಿದ್ದು ನಾಲ್ಕು ವರ್ಷದ ಮೊಮ್ಮಗನಿಗೆ.

ಎಂಬತ್ತನಾಲ್ಕರ ಜೂನ್. ಮೊದಲ ಮಳೆಗೆ ಪುಟ್ಟೇನಹಳ್ಳಿ ಕೆರೆ ಕದಡಿತು. ಊರವರು ಕುಡಿಯುವ ತೆರೆದ ಬಾವಿಗೂ ಆ ಕೆರೆಗೂ ಒಳಗೊಳಗೇ ನಂಟು. ವಾರದೊಳಗೆ ಮನೆಮನೆಯಲ್ಲೂ ವಾಂತಿಭೇದಿ ಶುರುವಾಯಿತು. ಯಲಹಂಕದ ಕಾಂಪೌಂಡರ್ ಮಗುವಿನ ಕಣ್ಣರೆಪ್ಪೆ ಎತ್ತಿ ನೋಡಿ, ಉಪ್ಪು ಸಕ್ಕರೆ ಬೆರೆಸಿ ಕುಡಿಸುತ್ತಲೇ ಇರಿ, ಆದರೆ ನೀರು ಒಳ್ಳೆಯದಿರಲಿ ಎಂದ. ಕುದಿಸಿ ಆರಿಸುವಷ್ಟು ಪುರುಸೊತ್ತು ಮಗುವಿಗಿರಲಿಲ್ಲ. ಒಳ್ಳೆಯ ನೀರು ಇದ್ದದ್ದು ಒಂದೇ ಕಡೆ.

ಅದು ಊರಾಚೆಯ ಕ್ಯಾಂಪು. ಸಿಲೋನಿನ ಗಲಭೆಯಲ್ಲಿ ಮನೆಮಠ ಕಳೆದುಕೊಂಡು ಬಂದ ಐವತ್ತು ತಮಿಳು ಕುಟುಂಬಗಳನ್ನು ಒಂದು ಧರ್ಮಸಂಸ್ಥೆ ಅಲ್ಲಿ, ಮುಚ್ಚಿಹೋಗಿದ್ದ ಇಟ್ಟಿಗೆ ಕಾರ್ಖಾನೆಯಲ್ಲಿ, ಇರಿಸಿತ್ತು. ಅವರ ಮಕ್ಕಳಿಗೆಂದು ಕೊಳವೆ ಬಾವಿ ಕೊರೆಸಿ, ಕಂಬಗಳ ಮೇಲೆ ಸಿಮೆಂಟಿನ ಟ್ಯಾಂಕು ಕಟ್ಟಿಸಿ, ಸಾಲಾಗಿ ನಲ್ಲಿ ಹಾಕಿಸಿತ್ತು. ವಾರಕ್ಕೆರಡು ಸಲ ಡಾಕ್ಟರಮ್ಮ ಬರುತ್ತಿದ್ದರು. ಬೆಳಿಗ್ಗೆ ಎಲ್ಲ ಮಕ್ಕಳಿಗೂ ಪುಡಿ ಹಾಲು. ಒಂದು ಶಾಲೆಯೂ ಇತ್ತು. ಸುತ್ತ ಮುಳ್ಳುತಂತಿ.

ಆವಲಪ್ಪ ಚೊಂಬು ಹಿಡಿದು ಓಡಿದ. ಗೇಟಿನಲ್ಲಿ ಕಾವಲಿನ ವೀರಬಸಪ್ಪ ತಡೆದ. ಒಳಗೆ ನಲ್ಲಿಯ ಕೆಳಗೆ ಮಕ್ಕಳು ಒಬ್ಬರಿಗೊಬ್ಬರು ನೀರೆರಚಿಕೊಂಡು ಆಡುತ್ತಿದ್ದದ್ದು ಗೇಟಿಗೇ ಕಾಣುತ್ತಿತ್ತು.

“ನಂಗೆ ಬೇಜಾರಿಲ್ವಾ? ಆರ್ಡರ್ ಇಲ್ಲ ಕಣಯ್ಯಾ,” ಎಂದ ವೀರಬಸಪ್ಪ. “ಒಬ್ರಿಗೆ ಬಿಟ್ರೆ ಇಡೀ ಊರೇ ಬಿಂದಿಗೆ ತಗೊಂಡು ಬರುತ್ತೆ.”

ಮಗು ಮಾರನೆಯ ದಿನ ಮಧ್ಯಾಹ್ನ ಹೋಯಿತು. ಕೆರೆ ಏರಿಯ ಪಕ್ಕ ಅದನ್ನು ಮಣ್ಣು ಮಾಡಿ ಬಂದರು. ಮಗ ಆನಂದಪ್ಪ ಯಶವಂತಪುರದ ಮಾರುಕಟ್ಟೆಯಲ್ಲಿ ಮೂಟೆ ಹೊರುವವನು, ವಾರಕ್ಕೊಮ್ಮೆ ಮನೆಗೆ ಬರುವವನು. ಅವನು ಅತ್ತು ಹಗುರಾದ. ಆವಲಪ್ಪನಿಗೆ ಅಳು ಬರಲಿಲ್ಲ. ಅವನಿಗೆ ಉಳಿದದ್ದು ಮೊಮ್ಮಗಳು ಮುನಿಯಲ್ಲಮ್ಮ, ಮೂರು ವರ್ಷದ ಮುನಿ. ತೀರಿಹೋದ ಹೆಂಡತಿಯ ಹೆಸರನ್ನೇ ಇಟ್ಟಿದ್ದ. ಕೈಕಾಲು ಕಡ್ಡಿಯಂತಿದ್ದವು. ಅವಳಿಗೂ ವರ್ಷವಿಡೀ ಹೊಟ್ಟೆಯದೇ ಕಾಟ. ಮರುವರ್ಷದ ಮೇ ಹೊತ್ತಿಗೆ, ಎರಡು ತಿಂಗಳಿಂದ ಸ್ವಲ್ಪ ನಿಂತಿತ್ತು, ಅದು ದರ್ಗಾದಿಂದ ತಂದು ಕಟ್ಟಿದ ತಾಯಿತದ ಮಹಿಮೆ ಎಂದು ಅವನ ನಂಬಿಕೆ. ಆದರೆ ತಾಯಿತ ಎಷ್ಟು ಮಳೆಗಾಲ ತಡೆದೀತು? ಜೂನ್ ಮತ್ತೆ ಬರುತ್ತಿತ್ತು. ಎರಡನೆಯದನ್ನೂ ಏರಿಯ ಪಕ್ಕಕ್ಕೆ ಹೊತ್ತುಕೊಂಡು ಹೋಗುವ ಶಕ್ತಿ ಅವನಿಗಿರಲಿಲ್ಲ.

ಆದ್ದರಿಂದ ಕ್ಯಾಂಪು ಅಲ್ಲಿಂದ ಏಳಬೇಕು. ಅದು ಅವನ ಒಂದೇ ಯೋಚನೆ. ಕ್ಯಾಂಪು ಎದ್ದರೆ ಹಾಲಿನ ಪುಡಿ ಹೋದೀತು, ಡಾಕ್ಟರಮ್ಮ ಹೋದಾರು, ಆದರೆ ಕೊಳವೆ ಬಾವಿಯನ್ನು ಯಾರಾದರೂ ತಲೆಯ ಮೇಲೆ ಹೊತ್ತುಕೊಂಡು ಹೋಗಲಾದೀತೇ? ಅದು ಊರಿಗೇ ಉಳಿಯುತ್ತದೆ. ಮನವಿ ಬರೆಸಿ ನೋಡಿದ್ದಾಗಿತ್ತು. ದೊಡ್ಡವರ ಮನೆ ಬಾಗಿಲು ಕಾದು ಚಪ್ಪಲಿ ಸವೆಸಿದ್ದಾಗಿತ್ತು. ಪಾಪದವರು, ದೇಶ ಬಿಟ್ಟು ಬಂದವರು ಎಂದು ಎಲ್ಲರೂ ಬುದ್ಧಿ ಹೇಳಿದರು. ನಾವೇನು ಪುಣ್ಯದವರೇ ಎಂದು ಅವನು ಯಾರನ್ನೂ ಕೇಳಲಿಲ್ಲ. ಅಂಗಾಲಿಗೆ ಮುಳ್ಳು ಚುಚ್ಚಿದವನಿಗೇ ಗೊತ್ತು ನೋವು.

ಅವನು ಮೂವತ್ತು ವರ್ಷ ದ್ರಾಕ್ಷಿ ತೋಟಗಳಲ್ಲಿ ಔಷಧಿ ಹೊಡೆದವನು. ಎಷ್ಟಕ್ಕೆ ಹುಳು ಸಾಯುತ್ತದೆ, ಎಷ್ಟಕ್ಕೆ ಆಳು ತಲೆ ತಿರುಗಿ ವಾಂತಿ ಮಾಡಿಕೊಳ್ಳುತ್ತಾನೆ, ಎಷ್ಟಕ್ಕೆ ಮಾಡಿಕೊಳ್ಳುವುದಿಲ್ಲ, ಎಲ್ಲ ಮೈಮೇಲೆ ಕಲಿತದ್ದು. ಕೊಲೆ ಅವನ ಮನಸ್ಸಿನಲ್ಲಿರಲಿಲ್ಲ. ಹಾಗೆಂದು ಅವನು ತನಗೆ ತಾನೇ ದಿನಕ್ಕೆ ನಾಲ್ಕು ಸಲ ಹೇಳಿಕೊಳ್ಳುತ್ತಿದ್ದ. ಬೇಲಿಯೊಳಗಿನ ಮಕ್ಕಳು ಹಾಲು ಕುಡಿದು ಗಟ್ಟಿಮುಟ್ಟಾಗಿದ್ದವು. ಎರಡು ದಿನ ವಾಂತಿ, ಒಂದು ದಿನ ಸುಸ್ತು. ಅಷ್ಟರಲ್ಲಿ ಜೀಪುಗಳು ಬರುತ್ತವೆ, ನೀರು ಕೆಟ್ಟಿದೆ, ಈ ಜಾಗ ಮಕ್ಕಳಿಗೆ ಯೋಗ್ಯವಲ್ಲ ಎಂದು ಬರೆಯುತ್ತಾರೆ, ಲಾರಿಗಳಲ್ಲಿ ಎಲ್ಲರನ್ನೂ ಬೇರೆಡೆಗೆ ಸಾಗಿಸುತ್ತಾರೆ. ಟ್ಯಾಂಕು ನಾಲ್ಕು ಸಲ ತೊಳೆದರೆ ಮತ್ತೆ ಗಂಗೆ.

ಆತುರಗಾರನಿಗೆ ಬುದ್ಧಿ ಮಟ್ಟ. ಆವಲಪ್ಪ ಆತುರಪಡಲಿಲ್ಲ. ತಿಂಗಳಿಗೊಮ್ಮೆ ಆ ಟ್ಯಾಂಕು ತೊಳೆದು ಬ್ಲೀಚಿಂಗ್ ಪೌಡರ್ ಹಾಕುವವನು ಬ್ಯಾಟರಾಯಪ್ಪ. ಅವನ ಸ್ನೇಹ ಬೆಳೆಸಿದ. ಬೀಡಿ ಕೊಟ್ಟ, ಮೊಣಕಾಲು ನೋವಿಗೆ ಎಣ್ಣೆ ಕೊಟ್ಟ, ಮಾರ್ಚಿನಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ ಅವನ ಜೊತೆ ಏಣಿ ಹತ್ತಿ ಟ್ಯಾಂಕು ಉಜ್ಜಿದ. ಕ್ಯಾಂಪಿನ ಮೇಲ್ವಿಚಾರಕ ರಹಮತುಲ್ಲಾ ಸಾಹೇಬರು ಅವನ ಕೆಲಸ ನೋಡಿ ತಲೆದೂಗಿದರು. ವೀರಬಸಪ್ಪ ಕೂಡ ಈಗ ಗೇಟು ತೆಗೆದು ನಗುತ್ತಿದ್ದ, ನೀರು ಹೊರಗೆ ಒಯ್ಯಲು ಮಾತ್ರ ಈಗಲೂ ಆರ್ಡರ್ ಇರಲಿಲ್ಲ. ಚೊಂಬು ಹಿಡಿದು ಬಂದ ಮುಖ ಅವನಿಗೆ ನೆನಪಿರಲಿಲ್ಲ. ಆವಲಪ್ಪನೂ ನಕ್ಕ.

ಮೇ ತಿಂಗಳ ಸರದಿಯ ಹೊತ್ತಿಗೆ ಬ್ಯಾಟರಾಯಪ್ಪ ತಿರುಪತಿಗೆ ಹೊರಟ. ಆ ದಿನಗಳಲ್ಲೇ ಹೋಗಿ ಬಾ, ಇಲ್ಲಿಯದನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಹೊರಡಿಸಿದವನೂ ಆವಲಪ್ಪನೇ. ಸಂಶಯ ಎಲ್ಲಿಗೆ ಬೀಳುತ್ತದೆ ಎಂಬುದನ್ನೂ ಯೋಚಿಸಿದ್ದ. ಪೌಡರಿನ ಡಬ್ಬ ಧರ್ಮಸಂಸ್ಥೆಯದು, ಬಂದದ್ದು ಅವರದೇ ಉಗ್ರಾಣದಿಂದ. ಅದೇ ಕೆಟ್ಟಿತ್ತು ಎನ್ನುತ್ತಾರೆ. ತೋಟದ ಔಷಧಿಯ ವಾಸನೆಯನ್ನೂ ಅದೇ ಮುಚ್ಚುತ್ತದೆ. ಓದು ಬರಹ ಇಲ್ಲದ ಮುದುಕ ಹೇಳಿದಷ್ಟು ಸುರಿದ, ಅವನ ತಪ್ಪೇನು?

ಬುಧವಾರ ಮಧ್ಯಾಹ್ನ, ಹಾಡುಹಗಲು. ಕರೆಂಟು ಎರಡಕ್ಕೆ ಬರುವುದು, ಟ್ಯಾಂಕು ಮೂರೂವರೆಗೆ ತುಂಬುವುದು, ಕ್ಯಾಂಪಿನವರು ಅಡಿಗೆಗೆ ನೀರು ಹಿಡಿಯುವುದು ಸಂಜೆ ಆರಕ್ಕೆ. ಎಲ್ಲ ಅವನ ಬೆರಳ ತುದಿಯಲ್ಲಿತ್ತು. ಬೆಳಿಗ್ಗೆಯಿಂದ ಟ್ಯಾಂಕು ಉಜ್ಜಿದ. ಅಷ್ಟು ಚೊಕ್ಕಟವಾಗಿ ಅದನ್ನು ಯಾರೂ ತೊಳೆದಿರಲಿಕ್ಕಿಲ್ಲ. ನೀರು ಏರಿತು. ಪೌಡರ್ ಕದಡಿದ. ಸೊಂಟದ ಪಂಚೆಯ ಗಂಟಿನಲ್ಲಿದ್ದ ಸೀಸೆ ತೆಗೆದ.

ಆಗ ಕೆಳಗಿನಿಂದ ಒಂದು ಹೆಣ್ಣು ಮಗು ಕತ್ತೆತ್ತಿ ಕೂಗಿತು. ಆರೇಳು ವರ್ಷ ಇರಬಹುದು. ಶಾಲೆಯಲ್ಲಿ ಕಲಿತ ಹೊಸ ಕನ್ನಡ.

“ತಾತಾ, ನೀರು ಬಂತಾ?”

ಆವಲಪ್ಪನ ಕೈ ನಿಂತಿತು. ಸೀಸೆಯನ್ನು ಮತ್ತೆ ಗಂಟಿಗೆ ಸೇರಿಸಿ ಇಳಿದುಬಿಡಲೇ ಎನಿಸಿತು. ಇಳಿದರೆ ಜೂನ್. ಜೂನ್ ಬಂದರೆ ಮುನಿ.

“ಬಂತು ಕಣವ್ವ,” ಎಂದ. “ಓಗು, ಬಿಸ್ಲಾಗೆ ನಿಲ್ಬ್ಯಾಡ.”

ಮಗು ಓಡಿತು. ಅವನು ಸುರಿದ. ಮುಚ್ಚಳ ಎಳೆದು, ಏಣಿ ಇಳಿದು, ರಹಮತುಲ್ಲಾ ಸಾಹೇಬರು ಕೊಟ್ಟ ಚಹಾ ಕುಡಿದು, ಕೈ ಮುಗಿದು ಹೊರಟ. ಸೀಸೆ ಕೆರೆಯ ಜೊಂಡಿನೊಳಗೆ ಹೋಯಿತು. ನೇರ ಮನೆಗೆ ಹೋಗಲಿಲ್ಲ. ಯಲಹಂಕ ಸಂತೆಬೀದಿಯಲ್ಲಿ ನಾಲ್ಕು ಜನರ ಕಣ್ಣಿಗೆ ಬಿದ್ದ, ಕ್ಷೌರ ಮಾಡಿಸಿಕೊಂಡ, ಮುನಿಗೆ ಎರಡು ಬಾಳೆಹಣ್ಣು ಕೊಂಡ. ಬಹಳ ದಿನಗಳ ಮೇಲೆ ಹೊಟ್ಟೆ ಹಸಿದಿತ್ತು.

ಐದೂವರೆಗೆ ಮನೆ ಸೇರಿದ. ಕ್ಯಾಂಪಿನ ಕಡೆ ಇನ್ನೂ ಏನೂ ಸದ್ದಿರಲಿಲ್ಲ, ಇರಲೂ ಬಾರದು. ಸೊಸೆ ದ್ರೌಪದಮ್ಮ ಹೊಸ್ತಿಲಲ್ಲಿ ಕೂತು ಮುನಿಗೆ ಮುದ್ದೆ ತಿನ್ನಿಸುತ್ತಿದ್ದಳು. ಮೊಮ್ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಬಾಳೆಹಣ್ಣು ಸುಲಿದು ಕೊಟ್ಟ. ತನ್ನ ಗಂಡುಮಗು ಸತ್ತ ಮೇಲೆ ಮಾವನ ಮುಖದಲ್ಲಿ ನಗು ಕಂಡದ್ದು ಇದೇ ಮೊದಲು. ದ್ರೌಪದಮ್ಮನಿಗೂ ಧೈರ್ಯ ಬಂದಂತಾಯಿತು.

“ಇನ್ನೊಂದ್ ತಿಂಗ್ಳು ತಡ್ಕೋ ಕಣವ್ವ,” ಎಂದ ಆವಲಪ್ಪ. “ಮಗೀಗೆ ಒಳ್ಳೆ ನೀರು ಕುಡಿಸ್ತೀನಿ.”

ಅವಳು ಸೆರಗಿನ ತುದಿ ತಿರುವಿದಳು. “ಕ್ವಾಪ ಮಾಡ್ಕಬ್ಯಾಡಿ ಮಾವ, ಮಗಾ ಒಳ್ಳೆ ನೀರೇ ಕುಡೀತೈತೆ,” ಎಂದಳು. “ಕ್ಯಾಂಪ್ನಾಗೆ ತವಮಣಿ ಅಂತ ಒಬ್ಬಾಕೆ ಅವ್ಳೆ. ಅವಳ್ದೂ ಒಂದು ಕೂಸು ದೋಣಿನಾಗೆ ಬರುವಾಗ ಇಂಗೇ ಓಯ್ತಂತೆ. ಯುಗಾದಿಯಿಂದ ದಿನಾ ಟ್ಯಾಂಕು ತುಂಬಿದ ತಕ್ಷಣ, ಯಾರೂ ಇಡಿಯೋಕ್ ಮುಂಚೆ, ಮೊದ್ಲ ಬಿಂದಿಗೆ ಬೇಲಿ ಸಂದಿನಾಗೆ ನಮ್ ಮುನಿಗೆ ಅಂತ ಕೊಡ್ತಾಳೆ. ನಾನು ಅವ್ಳಿಗೆ ರಾಗಿ ಇಟ್ಟು ಕೊಡ್ತೀನಿ. ನಿಮ್ಗೆ ಏಳಿದ್ರೆ ಬಿಂದಿಗೆ ಒಡೆದಾಕ್ತೀರಿ ಅಂತ ಏಳ್ಲಿಲ್ಲ.” ಕರೆಂಟು ಬರುವ ಹೊತ್ತು, ಟ್ಯಾಂಕು ತುಂಬುವ ಹೊತ್ತು, ಕ್ಯಾಂಪಿನ ಒಲೆ ಹೊತ್ತುವ ಹೊತ್ತು ಎಲ್ಲವನ್ನೂ ತಿಳಿದಿದ್ದ ಆವಲಪ್ಪ, ತನ್ನ ಮನೆಯ ಬಿಂದಿಗೆ ಎಲ್ಲಿ ತುಂಬಿ ಬರುತ್ತದೆಂದು ಮಾತ್ರ ಕೇಳಿದವನಲ್ಲ. ನೀರು ತರುವುದು ಹೆಂಗಸರ ಕೆಲಸ. ಇವತ್ತು ಪೌಡರ್ ಹಾಕಿದ್ದಾರಲ್ಲ, ವಸಿ ವಾಸನೆ ಇದೆ, ಆದರೂ ಮಗು ಎರಡು ಲೋಟ ಕುಡಿಯಿತು ಎಂದು ದ್ರೌಪದಮ್ಮ ಹೆಮ್ಮೆಯಿಂದ ಹೇಳುತ್ತಿದ್ದಳು. ಮುನಿ ಖಾಲಿ ಲೋಟವನ್ನು ತಾತನ ಕಡೆ ಚಾಚಿ, ಇನ್ನೂ ಬೇಕು ಎಂದಳು.