ನಲವತ್ತು ಕುರಿಯ ಆಣೆ

ನಾಲ್ಕೆಕರೆ ಹೊಲದ ದಾವೆ ಮೂರು ವರ್ಷದಲ್ಲಿ ಪಾತಮ್ಮನ ಹತ್ತೊಂಬತ್ತು ಕುರಿ ತಿಂದಿತ್ತು. ವಕೀಲರ ಫೀಸಿಗೆ ಹನ್ನೆರಡು, ಸ್ಟಾಂಪು-ನಕಲಿಗೆ ಮೂರು, ಮೊಳಕಾಲ್ಮೂರಿನ ಬಸ್ಸಿಗೂ ಊಟಕ್ಕೂ ನಾಲ್ಕು. ಇಪ್ಪತ್ತನೆಯದನ್ನು ಮಾರುವ ಬದಲು ಅವಳು ಕೋರ್ಟಿನಲ್ಲಿ ಕೈಮುಗಿದಳು: “ನಮ್ಮಣ್ಣ ಗುಡೀಲಿ ಆಣೆ ಮಾಡ್ಲಿ ಸ್ವಾಮಿ. ನನ್ನ ಪಾಲು ಬಿಟ್ಟುಬಿಡ್ತೀನಿ.”

ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ಕಾನೂನು ಬಂದು ನಾಲ್ಕು ವರ್ಷವಾಗಿತ್ತು. ಕೋರ್ಟಿನಲ್ಲಿ ಅಣ್ಣ-ತಂಗಿಯರ ದಾವೆಗಳೇ ಕಟ್ಟುಗಟ್ಟಲೆ. ಎರಡೂ ಕಡೆಯವರು ಒಪ್ಪಿ ಸಹಿ ಹಾಕಿದರು. ಆಣೆಯ ಮಾತನ್ನು ಬರೆದುಕೊಂಡು ಬರಲು ಜಡ್ಜು ವಕೀಲೆ ವನಜಾಕ್ಷಿಯನ್ನು ಕೋರ್ಟ್ ಕಮಿಷನರ್ ಮಾಡಿ ಕಳಿಸಿದರು.

ಅಣ್ಣ ಜಂಪಣ್ಣನ ವಾದ, ತಂಗಿ ಹೊಲದ ಬದಲು ನಲವತ್ತು ಕುರಿ ತಗೊಂಡಿದ್ದಾಳೆ ಎಂದು. ಅದು ಸುಳ್ಳು. ಹೆಣೆದವನು ಅವನ ವಕೀಲ ನಾಗಭೂಷಣ. ದಾವಣಗೆರೆಯಿಂದ ಬಂದು ಚಳ್ಳಕೆರೆಯಲ್ಲಿ ಬೋರ್ಡು ಹಾಕಿದವನಿಗೆ ಅದೇ ಮೊದಲ ಕೇಸು. “ಫೀಸಿಗೆ ಕುರಿ ಮಾರ್ತಾಳಲ್ಲ, ಎಲ್ಲಿಂದ ಬಂದ್ವು?” ಎಂದು ನಕ್ಕಿದ್ದ.

ಸಿದ್ದಾಪುರದ ಬಂಡೆಗಳ ನಡುವೆ ಕಿಟಕಿಯಿಲ್ಲದ ಕಲ್ಲುಗುಡಿ. ಮಟಮಟ ಮಧ್ಯಾಹ್ನದಲ್ಲೂ ಒಳಗೆ ಕತ್ತಲು. ಹರಳೆಣ್ಣೆಯ ಹೊಗೆ, ಬಾವಲಿ ಹಿಕ್ಕೆಯ ನಾತ. ಜಂಪಣ್ಣ ಅಂಗೈಯಲ್ಲಿ ದೀಪ ಹಿಡಿದು ನಿಂತ.

“ಕೋರ್ಟು ಭಾಷೆ ನನ್ನ ಬಾಯಿಗೆ ಬರಲ್ಲ. ನೀವು ಅನ್ರಿ, ನಾನೂ ಅಂತೀನಿ.”

ದಾವಣಗೆರೆಯಲ್ಲಿ ಜೂನಿಯರ್ ಆಗಿದ್ದಾಗ ಸಾಕ್ಷಿಗಳಿಗೆ ಬಾಯಿಪಾಠ ಮಾಡಿಸಿ ರೂಢಿಯಿದ್ದ ನಾಗಭೂಷಣ ಮುಂದೆ ಬಂದ. ಪೂಜಾರಿ ಕ್ಯಾತಣ್ಣ ಅವನ ತೋಳು ಹಿಡಿದ.

“ಹೇಳಿಕೊಡಬ್ಯಾಡ್ರಿ. ಇಲ್ಲಿ ಮೊದ್ಲು ಯಾರ ಬಾಯಾಗೆ ಬರುತ್ತೋ, ಆಣೆ ಅವರ್ದು.”

“ನಿಮ್ಮ ದೇವ್ರಿಗೆ ವಕಾಲತ್ತು ಬೇರೆ ತೋರಿಸ್ಬೇಕಾ ತಾತ?” ಎಂದು ನಕ್ಕು, ಗಟ್ಟಿಯಾಗಿ ಅಂದ: “ಪಾತಮ್ಮ ತನ್ನ ಪಾಲಿಗೆ ನಲವತ್ತು ಕುರಿ ತಗೊಂಡಿದ್ದಾಳೆ.”

ದೀಪ ಆರಿತು. ಯಾರೂ ಊದಿರಲಿಲ್ಲ.

ಕತ್ತಲಲ್ಲಿ ಜಂಪಣ್ಣ ಅದೇ ಮಾತು ಅಂದದ್ದು ನಾಗಭೂಷಣನಿಗೆ ಎಲ್ಲೋ ದೂರದಿಂದ ಕೇಳಿಸಿತು. ನೆನೆದ ಉಣ್ಣೆಯ ವಾಸನೆ ಮುಖಕ್ಕೆ ಬಡಿಯಿತು. ಹತ್ತಿರ ಬಂತು. ಇನ್ನೂ ಹತ್ತಿರ. ತಣ್ಣಗಿನದೇನೋ ತುಟಿ ಸರಿಸಿತು. ಹಲ್ಲು ಕಚ್ಚಿದ. ನಿಲ್ಲಲಿಲ್ಲ. ನಾಲಿಗೆಯ ಬುಡ ಹಿಡಿಯಿತು. ಹಿಂಡಿತು. ಬಿಟ್ಟಿತು.

ಬಿಸಿಲಿಗೆ ಓಡಿ ಬಂದ. ಪಾತಮ್ಮ ಬಂಡೆಗೊರಗಿ ಕೂತಿದ್ದಳು. ವನಜಾಕ್ಷಿ ಗುಡಿಯ ಬಾಗಿಲಲ್ಲಿ ಕೂತು, ಕೇಳಿಸಿದ ಆಣೆ ಬರೆಯುತ್ತಿದ್ದಳು. ಸುಳ್ಳು, ಬರೀಬೇಡಿ ಎಂದು ಕೂಗಲು ಬಾಯಿ ತೆರೆದ.

“ಪಾತಮ್ಮ ತನ್ನ ಪಾಲಿಗೆ ನಲವತ್ತು ಕುರಿ ತಗೊಂಡಿದ್ದಾಳೆ.”

“ಬರ್ಕೊಂಡೆ ಸಾರ್,” ಅಂದಳು ವನಜಾಕ್ಷಿ.

ಅವಳ ಪೆನ್ನು ಕಸಿದುಕೊಂಡ. ಕೈ ತಾನೇ ಬರೆಯಿತು. ನಲವತ್ತು ಕುರಿ. ಹೊಡೆದು ಹಾಕಿದ. ಮತ್ತೆ ಬರೆದ. ನಲವತ್ತು ಕುರಿ.

ಪಾತಮ್ಮ ಎದ್ದು ಅವನನ್ನೇ ನೋಡಿದಳು. “ಓಡಿ ಬಂದಿದ್ದು ನೋಡಿ, ನೀವಾದ್ರೂ ನಿಜ ಹೇಳ್ತೀರಿ ಅನ್ಕಂಡಿದ್ದೆ,” ಎಂದು ಇಳಿಜಾರು ಹಿಡಿದಳು.

ಜಂಪಣ್ಣ ಪಕ್ಕಕ್ಕೆ ಬಂದು ಮೆಲ್ಲಗೆ ಅಂದ: “ನಮ್ಮ ಗುಡಿ ನಮಗೆ ಗೊತ್ತಿಲ್ವಾ ಸ್ವಾಮಿ? ಅದ್ಕೇ ನಿಮ್ಮನ್ನ ಕರ್ಕೊಂಡ್ ಬಂದಿದ್ದು.”

ಮನೆಯಲ್ಲಿ ಹೆಂಡತಿ ನೀರು ಬೇಕಾ ಅಂದರೂ ನಾಗಭೂಷಣನ ಬಾಯಲ್ಲಿ ಅದೇ ಮಾತು. ಡಾಕ್ಟರು ಎಲ್ಲಿ ನೋವು ಅಂದರೂ ಅದೇ.

ಜಂಪಣ್ಣನಿಗೆ ನಾಲ್ಕೆಕರೆಯೂ ಬಂತು. ಪಾತಮ್ಮನಿಗೆ ಎರಡೆಕರೆಯೂ ಹತ್ತೊಂಬತ್ತು ಕುರಿಯೂ ಹೋದವು. ನಾಗಭೂಷಣ ಮೊದಲ ಕೇಸು ಗೆದ್ದ; ಅವನಿಗೆ ಉಳಿದದ್ದು ಆ ಒಂದು ಮಾತು.