ನಾಲ್ಕನೇ ಪುಟದ ಎರಡು ತೂತು

ಗುಪ್ತ ಕಡತದ ನಾಲ್ಕನೇ ಪುಟದ ಸುದ್ದಿ ಬೆಳಗಿನ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಹತ್ತಕ್ಕೆ ವರದಿಗಾರನ ಮನೆಯಲ್ಲಿ ಆ ಪುಟದ ಫೋಟೊ ಸಿಕ್ಕಿತು. ಹನ್ನೊಂದಕ್ಕೆ, ಆ ಪುಟವನ್ನು ಅನುವಾದಿಸಿದ್ದ ಭದ್ರತಾ ಇಲಾಖೆಯ ಅನುವಾದಕಿ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತಿದ್ದಳು. ಕಾನೂನು ಎಷ್ಟು ಚುರುಕೆಂದರೆ, ಅಪರಾಧ ಯಾವುದೆಂದು ಅವಳಿಗೆ ಹೇಳುವಷ್ಟೂ ಪುರುಸೊತ್ತಿರಲಿಲ್ಲ.

“ನಾಲ್ಕು ಗಂಟೆಗೆ ಬಂಧನದ ಆದೇಶ ಜಾರಿ. ಆಮೇಲೆ ಕನಿಷ್ಠ ಒಂದು ವರ್ಷ ಕೋರ್ಟೂ ಇಲ್ಲ, ವಕೀಲರೂ ಇಲ್ಲ,” ಎಂದರು ಇಲಾಖೆಯ ನಿರ್ದೇಶಕರು. “ನೀವು ಹೇಳಿಕೆ ಬರ್ಕೊಳ್ಳಿ, ಸಾಕು. ಫೋಟೊ ಮಾತ್ರ ಅವಳಿಗೆ ತೋರಿಸೋ ಹಾಗಿಲ್ಲ. ಗುಪ್ತ ಸಾಕ್ಷ್ಯ. ನಾಳೆ ಸದನದಲ್ಲಿ ನಾನು ಬರೆದ ಹೊಸ ಕಾನೂನು ಪಾಸಾದ್ರೆ ಇನ್ನೂ ಬಿಗಿ.”

ಇನ್‌ಸ್ಪೆಕ್ಟರ್ ತಲೆಯಾಡಿಸಿದ.

* * *

ಇನ್‌ಸ್ಪೆಕ್ಟರನ ಮೊದಲ ಅನುಮಾನ ಬಾಗಿಲ ಕಾವಲುಗಾರನ ಮೇಲೆ. ಅವನ ಫೋನಿನಲ್ಲಿ ಕ್ಯಾಮೆರಾನೇ ಇರಲಿಲ್ಲ.

“ಒಳಗೆ ಫೋನ್ ಒಯ್ಯೋ ಹಾಗಿಲ್ಲ. ಅನುವಾದ ಮಾಡೋ ಆಯಮ್ಮನ ಫೋನು ದಿನಾ ನನ್ನ ಡ್ರಾಯರ್‌ನಲ್ಲೇ ಇರುತ್ತೆ ಸಾರ್.”

“ನಿರ್ದೇಶಕರದ್ದು?”

“ಅವರ ಫೋನ್ ಕೇಳೋಕೆ ನನಗೇನು ತಲೆ ಕೆಟ್ಟಿದೆಯಾ?”

* * *

ಗಂಟೆ ಮೂರಾಯಿತು.

“ನಾಲ್ಕಕ್ಕೆ ಮಗಳ ಸ್ಕೂಲು ಬಿಡುತ್ತೆ. ಕರ್ಕೊಂಡು ಬರೋಕೆ ನನ್ನ ಬಿಟ್ರೆ ಯಾರೂ ಇಲ್ಲ. ಏನು ಮಾಡಿದೀನಿ ಅಂತಾದ್ರೂ ಹೇಳಿ ಸಾರ್,” ಎಂದಳು ಅನುವಾದಕಿ.

ಏನೆಂದೇ ತಿಳಿಯದ ಆರೋಪಕ್ಕೆ ಏನೆಂದು ಉತ್ತರ ಕೊಟ್ಟಾಳು? ಇನ್‌ಸ್ಪೆಕ್ಟರ್ ಬಾಗಿಲ ಕಡೆ ನೋಡಿದ. ಸಾಕ್ಷ್ಯದ ಲಕೋಟೆ ಒಡೆದು ಫೋಟೊವನ್ನು ಮೇಜಿನ ಮೇಲಿಟ್ಟ.

ಅವಳು ಅರೆಗಳಿಗೆ ನೋಡಿದಳು ಅಷ್ಟೇ. “ಇದು ನನ್ನ ಕೈಲಿದ್ದಾಗ ತೆಗೆದದ್ದಲ್ಲ. ಅಂಚಲ್ಲಿ ಎರಡು ತೂತಿದೆ ನೋಡಿ. ನನಗೆ ಬರೋದು ತೂತಿಲ್ಲದ ಬಿಡಿ ಹಾಳೆ. ವಾಪಸ್ ಕೊಟ್ಟ ಮೇಲೆ ನಿರ್ದೇಶಕ ಸಾಹೇಬ್ರೇ ತೂತು ಹಾಕಿ, ದಾರ ಕಟ್ಟಿ, ಬೀರುವಿನಲ್ಲಿ ಇಡ್ತಾರೆ.”

* * *

“ಬೀರುವಿನ ಕೀಲಿ ಯಾರ ಹತ್ರ ಸಾರ್?” ಎಂದು ಇನ್‌ಸ್ಪೆಕ್ಟರ್ ನಿರ್ದೇಶಕರನ್ನು ಕೇಳಿದ.

“ನನ್ನ ಹತ್ರಾನೇ. ಇವತ್ತಿನವರೆಗೂ ಇನ್ನೊಬ್ಬರ ಕೈಗೆ ಕೊಟ್ಟಿಲ್ಲ,” ಎಂದು ನಿರ್ದೇಶಕರು ಬೀಗಿದರು.

“ಅಂದ್ರೆ ತೂತು ಬಿದ್ದ ಹಾಳೆ ಕಂಡಿರೋದು ನೀವೊಬ್ರೇ. ಒಳಗೆ ಫೋನ್ ತರೋದೂ ನೀವೊಬ್ರೇ. ಫೋಟೊದಲ್ಲಿ ತೂತಿದೆ ಸಾರ್. ಗುಟ್ಟು ಸೋರಿದ್ರೆ ತಾನೇ ನೀವು ಬರೆದ ಹೊಸ ಬಿಗಿ ಕಾನೂನಿಗೆ ನಾಳೆ ಸದನದಲ್ಲಿ ಎಲ್ಲರೂ ಕೈಯೆತ್ತೋದು?”

ನಿರ್ದೇಶಕರ ಮುಖ ಬಿಳಿಚಿಕೊಂಡಿತು. ಆಮೇಲೆ ನಕ್ಕರು. “ಫೋಟೊ ಅವಳಿಗೆ ತೋರಿಸಿದ್ರಿ ಅಂತಾಯ್ತು. ಈಗಿರೋ ಕಾನೂನಲ್ಲೇ ನೀವೂ ಒಳಗೆ.”

“ಗೊತ್ತು. ನಾಲ್ಕರವರೆಗೆ ಕೋರ್ಟಿಗೆ ಅಧಿಕಾರ ಇದೆಯಲ್ಲ? ನನ್ನ ತಪ್ಪೊಪ್ಪಿಗೆ ಸಮೇತ ಎಲ್ಲಾ ನ್ಯಾಯಾಧೀಶರಿಗೆ ಕಳಿಸಿ ಆಯ್ತು.”

ನಾಲ್ಕಕ್ಕೆ ಐದು ನಿಮಿಷವಿದ್ದಾಗ ನ್ಯಾಯಾಧೀಶರಿಂದ ಫೋನ್ ಬಂತು: ಅನುವಾದಕಿಯ ಬಿಡುಗಡೆ, ನಿರ್ದೇಶಕರ ಬಂಧನ. ನಿರ್ದೇಶಕರನ್ನು ಪೊಲೀಸರು ಕರೆದೊಯ್ದರು. ಅನುವಾದಕಿ ಚಪ್ಪಲಿ ಕೈಯಲ್ಲಿ ಹಿಡಿದೇ ಸ್ಕೂಲಿನತ್ತ ಓಡಿದಳು.

ಇನ್‌ಸ್ಪೆಕ್ಟರ್ ತನ್ನ ಫೋನನ್ನೂ ಬೆಲ್ಟನ್ನೂ ಕಾವಲುಗಾರನ ಡ್ರಾಯರ್‌ನಲ್ಲಿಟ್ಟು, ಕಿಟಕಿಯಿಲ್ಲದ ಕೋಣೆಯೊಳಗೆ ಹೋಗಿ ಕೂತ.

“ಎಷ್ಟು ದಿನ ಸಾರ್?” ಎಂದ ಕಾವಲುಗಾರ.

“ಅದನ್ನ ನನಗೆ ಹೇಳೋ ಹಾಗಿಲ್ಲವಂತೆ.”

ಬಾಗಿಲಿಗೆ ಹೊರಗಿನಿಂದ ಬೀಗ ಬಿತ್ತು.